ತಾಮ್ರದ ಕೊಪ್ಪರಿಗೆಯಲ್ಲಿ ಆಪಲ್ ಬಟರ್: ಲ್ಯಾಂಕಾಸ್ಟರ್ ಹಿತ್ತಿಲಿನ ಕೆಲಸದ ದಾಖಲೆ

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಸೇಬಿನ ಕೊಯ್ಲು ಮುಗಿಯುತ್ತ ಬಂದಂತೆ ಆಮಿಶ್ ಮತ್ತು ಮೆನೊನೈಟ್ ಎಂಬ ಕ್ರೈಸ್ತ ಪಂಗಡಗಳ ಕುಟುಂಬಗಳ ಹಿತ್ತಿಲಿನಲ್ಲಿ ಕೊಪ್ಪರಿಗೆಗಳು ಒಲೆಯೇರುತ್ತವೆ. ಅವುಗಳಲ್ಲಿ ತಯಾರಾಗುವ ಆಪಲ್ ಬಟರ್‌ನಲ್ಲಿ ಬೆಣ್ಣೆಯ ಸೋಂಕೂ ಇರುವುದಿಲ್ಲ. ಸೇಬಿನ ರಸವನ್ನು ಕುದಿಸಿ ಅರ್ಧಕ್ಕಿಳಿಸಿ, ಅದರಲ್ಲಿ ಸೇಬಿನ ಹೋಳುಗಳನ್ನು ಕರಗುವವರೆಗೆ ಬೇಯಿಸಿ, ಕಡುಗಂದು ಬಣ್ಣದ ಲೇಹ್ಯದ ಹದಕ್ಕೆ ತಂದರೆ ಆಪಲ್ ಬಟರ್ ಆಗುತ್ತದೆ. ಪೆನ್ಸಿಲ್ವೇನಿಯ ಜರ್ಮನ್ ನುಡಿಯಲ್ಲಿ ಇದನ್ನು ಲಾಟ್‌ವೆರಿಕ್ ಎನ್ನುತ್ತಾರೆ. 18ನೆಯ ಶತಮಾನದಲ್ಲಿ ಜರ್ಮನಿಯ ಪಲಟಿನೇಟ್ ಸೀಮೆಯಿಂದಲೂ ಸ್ವಿಟ್ಜರ್ಲೆಂಡಿನಿಂದಲೂ ಇಲ್ಲಿಗೆ ಬಂದವರು ತಮ್ಮ ಊರಿನಲ್ಲಿ ಪ್ಲಮ್ ಹಣ್ಣಿನಿಂದ ಮಾಡುತ್ತಿದ್ದುದನ್ನು ಇಲ್ಲಿ ಹೇರಳವಾಗಿ ಸಿಕ್ಕ ಸೇಬಿನಿಂದ ಮಾಡತೊಡಗಿದರು. ಆಮಿಶ್ ಮತ್ತು ಮೆನೊನೈಟರು ಸೇರಿದ ಅನಾಬ್ಯಾಪ್ಟಿಸ್ಟ್ ಬಳಗದವರಷ್ಟೇ ಅಲ್ಲ, ಅವರ ಜೊತೆಗೆ ಬಂದು ನೆಲೆಸಿದ ಲೂಥರನ್ ಮತ್ತು ರಿಫಾರ್ಮ್ಡ್ ಪಂಗಡಗಳ ಕುಟುಂಬಗಳೂ ಇದನ್ನು ಮಾಡುತ್ತಿದ್ದವು. ಆದರೆ ಕಟ್ಟಿಗೆಯ ಉರಿ, ತಾಮ್ರದ ಕೊಪ್ಪರಿಗೆ, ಇಡೀ ಕುಟುಂಬದ ಕೈ ಇವೆಲ್ಲ ಇಂದಿಗೂ ಹೆಚ್ಚಾಗಿ ಉಳಿದಿರುವುದು ಆಮಿಶ್ ಮತ್ತು ಮೆನೊನೈಟ್ ಮನೆಗಳಲ್ಲಿ.

ಈ ಜಿಲ್ಲೆಯಲ್ಲಿ ನೆಲೆಸಿದ ಮೇಲೆ ಪಕ್ಕದ ಹೊಲದ ಹಿರಿಯ ಮೆನೊನೈಟ್ ದಂಪತಿಗಳ ಮನೆಯಲ್ಲಿ ಹಲವು ಬಾರಿ ಸಟ್ಟುಗ ಹಿಡಿದು ನಿಂತಿದ್ದೆ. ಈ ವರ್ಷ ನಮ್ಮ ಹಿತ್ತಿಲಿನಲ್ಲೇ, ನಮ್ಮದೇ ಕೊಪ್ಪರಿಗೆಯಲ್ಲಿ ಮಾಡಬೇಕೆಂದು ಹೊರಟು, ಕೊಪ್ಪರಿಗೆಯನ್ನು ಹುಡುಕುವುದರಿಂದ ಹಿಡಿದು ಜಾಡಿಗೆ ಮುಚ್ಚಳ ಹಾಕುವವರೆಗಿನ ಕೆಲಸವನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅಳತೆಗಳನ್ನು ಇಲ್ಲಿನ ಅಂಗಡಿಗಳಲ್ಲಿ ನಡೆಯುವ ಗ್ಯಾಲನ್, ಪೌಂಡ್ ಮತ್ತು ಅಂಗುಲಗಳಲ್ಲೇ ಕೊಟ್ಟಿದ್ದೇನೆ. ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್.

1. ಕೊಪ್ಪರಿಗೆ — ಆಗಸ್ಟ್ ಕೊನೆ

ಹಳೆಯ ಸಾಮಾನಿನ ಹರಾಜಿನಲ್ಲಿ 60 ಡಾಲರಿಗೆ ಸಿಕ್ಕ ಮೊದಲ ಕೊಪ್ಪರಿಗೆ ಅಗ್ಗವಾಗಿತ್ತು. ಅಗ್ಗವಾಗಿದ್ದುದಕ್ಕೆ ಕಾರಣವೂ ಇತ್ತು. ಮನೆಗೆ ತಂದು ಒಳಗಿನ ಮಸಿಯನ್ನು ಉಜ್ಜಿದಾಗ, ಹಿಡಿಯ ಕಿವಿಯನ್ನು ಕೂರಿಸಿದ ಜಾಗದ ಕೆಳಗೆ, ಅಂಗೈಯಗಲದ ಬೂದುಬಣ್ಣದ ತೇಪೆ ಕಾಣಿಸಿತು. ಸೀಸವನ್ನು ಪತ್ತೆಮಾಡುವ ಪರೀಕ್ಷಾಕಡ್ಡಿಯನ್ನು ಅಲ್ಲಿ ಉಜ್ಜಿದರೆ ಅದರ ಬಣ್ಣ ತಿರುಗಿತು. ಯಾರೋ ಹಿಂದೆ ತೂತನ್ನು ಸೀಸದ ಬೆಸುಗೆಯಿಂದ ಮುಚ್ಚಿದ್ದರು. ಬೆಸುಗೆಯನ್ನು ಕಾಯಿಸಿ ಒರೆಸಿ ತೆಗೆದು, ಬೆಳ್ಳಿ ಬೆರೆತ ಬೆಸುಗೆಯನ್ನು ಹೊಸದಾಗಿ ಹಾಕಬಹುದೇ ಎಂದು ಯೋಚಿಸಿದ್ದುಂಟು. ಆದರೆ ಹೀಗೆ ಒರೆಸಿದರೂ ಸೀಸ ತಾಮ್ರದ ಮೇಲ್ಮೈಯಲ್ಲಿ ತೆಳುವಾಗಿ ಉಳಿದೇ ಇರುತ್ತದೆ, ಮತ್ತು ಹುಳಿ ಇರುವ ಹಣ್ಣು ಅದರ ಮೇಲೆ ಗಂಟೆಗಟ್ಟಲೆ ಕುದಿಯುತ್ತದೆ. ಆ ಕೊಪ್ಪರಿಗೆಯಲ್ಲಿ ಈಗ ದಾಸವಾಳದ ಗಿಡವಿದೆ.

ಎರಡನೆಯದಕ್ಕೆ 210 ಡಾಲರ್ ಬಿತ್ತು. ಬಾಯಿಯ ಅಗಲ 20 ಅಂಗುಲ, ಆಳ 13 ಅಂಗುಲ, ಹಿಡಿಸುವುದು ಸುಮಾರು 15 ಗ್ಯಾಲನ್. ತಳ ಮತ್ತು ಮೈಯ ತಗಡುಗಳನ್ನು ಹಲ್ಲು ಹಲ್ಲಾಗಿ ಕತ್ತರಿಸಿ, ಒಂದರೊಳಗೊಂದು ಕೂರಿಸಿ ಹಿತ್ತಾಳೆಯಿಂದ ಬೆಸೆದಿದ್ದಾರೆ. ಆ ಹಳದಿ ಗೆರೆ ಹೊರಗಿನಿಂದ ಸ್ಪಷ್ಟವಾಗಿ ಕಾಣುತ್ತದೆ. ಬೂದುಬಣ್ಣದ ತೇಪೆ ಎಲ್ಲಿಯೂ ಇರಲಿಲ್ಲ. ಕೊಳ್ಳುವ ಮೊದಲೇ ನೀರು ತುಂಬಿಸಿ ಒಣನೆಲದ ಮೇಲೆ ಅರ್ಧ ಗಂಟೆ ಇಟ್ಟು, ತಳದಲ್ಲಿ ತೇವ ಮೂಡುವುದಿಲ್ಲವೆಂದು ಖಚಿತ ಮಾಡಿಕೊಂಡೆ. ಹರಾಜಿನ ಜಾಗದಲ್ಲಿ ನೀರಿಗೆ ಅವಕಾಶವಿಲ್ಲದಿದ್ದರೆ ಕತ್ತಲ ಕೋಣೆಯಲ್ಲಿ ಒಳಗೆ ಟಾರ್ಚ್ ಹಿಡಿದು ಹೊರಗಿನಿಂದ ನೋಡಬಹುದು. ಒಂದು ಕಿವಿಯ ಮೊಳೆ ಮಾತ್ರ ಸಡಿಲವಾಗಿತ್ತು. ಅದನ್ನು ಒಳಗಿನಿಂದ ಭಾರವಾದ ಕಬ್ಬಿಣದ ತುಂಡಿಗೆ ಆನಿಸಿ, ಹೊರಗಿನಿಂದ ಗುಂಡುತಲೆಯ ಸುತ್ತಿಗೆಯಲ್ಲಿ ಮೆಲ್ಲನೆ ಹತ್ತಾರು ಪೆಟ್ಟು ಕೊಟ್ಟು ಬಿಗಿ ಮಾಡಿದೆ. ಜೋರಾಗಿ ಹೊಡೆದರೆ ಮೊಳೆಯ ಸುತ್ತ ತಗಡು ಸೀಳುತ್ತದೆ.

ಕಲಾಯಿ ಇಲ್ಲದ ತಾಮ್ರದಲ್ಲಿ ಹುಳಿ ಪದಾರ್ಥವೇ ಎಂದು ನಮ್ಮ ಓದುಗರು ಹುಬ್ಬೇರಿಸುವುದು ಸಹಜ. ನಮ್ಮ ತಾಯಿಯವರಂತೂ ಫೋನಿನಲ್ಲೇ ಗದರಿದರು. ಆಪಲ್ ಬಟರಿನ ಕೊಪ್ಪರಿಗೆಗೆ ಇಲ್ಲಿ ಕಲಾಯಿ ಹಾಕಿಸುವುದಿಲ್ಲ. ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಒಣಗಿದ ಅಂಚಿಗೆ ಕಟ್ಟಿಗೆಯ ಜ್ವಾಲೆ ತಾಗಿದರೆ ಅಷ್ಟು ಶಾಖ ಏರುವುದು ಕಷ್ಟವೇನಲ್ಲ. ಅಲ್ಲದೆ ಇಡೀ ದಿನ ತಳ ಕೆರೆಯುವ ಸಟ್ಟುಗಕ್ಕೆ ಕಲಾಯಿ ನಿಲ್ಲುವುದಿಲ್ಲ. ಇದಕ್ಕೆ ಬದಲಾಗಿ ಇಲ್ಲಿನವರು ಮೂರು ಕಟ್ಟಳೆಗಳನ್ನು ಪಾಲಿಸುತ್ತಾರೆ: ಒಲೆಗೇರಿಸುವ ಮುನ್ನ ಅದೇ ಬೆಳಿಗ್ಗೆ ಒಳಮೈ ಹೊಳೆಯುವಂತೆ ಉಜ್ಜಬೇಕು, ಕುದಿ ನಿಲ್ಲಬಾರದು, ಹದ ಬಂದೊಡನೆ ಕೊಪ್ಪರಿಗೆಯನ್ನು ಬರಿದು ಮಾಡಬೇಕು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮಾದರಿ ಆಹಾರ ಸಂಹಿತೆಯಾದರೋ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) 6ಕ್ಕಿಂತ ಕಡಿಮೆ ಇರುವ ಆಹಾರಕ್ಕೆ ತಾಮ್ರ ತಾಗಲೇಬಾರದೆಂದು ಹೇಳುತ್ತದೆ, ಮತ್ತು ಸೇಬು ಅದಕ್ಕಿಂತ ಬಹಳ ಹುಳಿ. ಆ ಸಂಹಿತೆ ಹೋಟೆಲು ಮತ್ತು ಅಂಗಡಿಗಳಿಗೆ ಸಂಬಂಧಿಸಿದ್ದು, ಮನೆಯ ಅಡುಗೆಗಲ್ಲ. ಆದರೂ ಮಾರುವ ಉದ್ದೇಶವಿರುವವರು, ಅಥವಾ ಈ ಮೂರು ಕಟ್ಟಳೆಗಳಲ್ಲಿ ಒಂದನ್ನಾದರೂ ಪಾಲಿಸಲು ಆಗದವರು, ಸ್ಟೀಲಿನ ಪಾತ್ರೆಯನ್ನೇ ಬಳಸುವುದು ಒಳ್ಳೆಯದು. ಇಲ್ಲಿಯೂ ಎಷ್ಟೋ ಮನೆಗಳು ಸ್ಟೀಲಿಗೆ ಬಂದಿವೆ.

ಉಜ್ಜಲು ಇಲ್ಲಿನವರು ಬಳಸುವುದು ವಿನೆಗರ್ ಮತ್ತು ಉಪ್ಪು: ಎರಡು ಬಟ್ಟಲು ಬಿಳಿ ವಿನೆಗರಿಗೆ ಅರ್ಧ ಬಟ್ಟಲು ಉಪ್ಪು. ಕಿಲುಬು ಹೋಯಿತು, ಆದರೆ ಹಲ್ಲಿನ ಬೆಸುಗೆಯ ಸಂದಿಯ ಕಪ್ಪು ಹೋಗಲಿಲ್ಲ. ಅಡುಗೆಮನೆಯಲ್ಲಿದ್ದ ಹಳೆಯ ಹುಣಸೆಹಣ್ಣನ್ನು ಉಪ್ಪಿನೊಂದಿಗೆ ಕಲಸಿ, ತೆಂಗಿನ ನಾರಿನಿಂದ ತಿಕ್ಕಿದ ಮೇಲೆ ಅದೂ ಹೋಯಿತು. ನಂತರ ಬಿಸಿನೀರಿನಲ್ಲಿ ಹಲವು ಸಲ ತೊಳೆದು ಕೂಡಲೇ ಒರೆಸಿದೆ.

2. ಸಟ್ಟುಗ — ಸೆಪ್ಟೆಂಬರ್

ಇದೇ ಇಡೀ ಕೆಲಸದ ಜೀವಾಳ. ಆಪಲ್ ಬಟರಿನ ಸಟ್ಟುಗದ ರೂಪ ನಮ್ಮ ಅಡುಗೆಭಟ್ಟರ ಸಟ್ಟುಗದಂತಲ್ಲ. ಉದ್ದನೆಯ ಹಿಡಿ ನೆಲಕ್ಕೆ ಸಮಾಂತರವಾಗಿ ಚಾಚಿಕೊಂಡಿರುತ್ತದೆ, ಅದರ ತುದಿಯಿಂದ ಅಲಗು ನೇರ ಕೆಳಗೆ ಕೊಪ್ಪರಿಗೆಯೊಳಕ್ಕೆ ಇಳಿದಿರುತ್ತದೆ. ಮಗುಚುವವರು ಉರಿಯಿಂದಲೂ ಹೊಗೆಯಿಂದಲೂ ಸಿಡಿಯುವ ಹಣ್ಣಿನಿಂದಲೂ ದೂರ ನಿಲ್ಲಬೇಕಾದ್ದರಿಂದ ಈ ಏರ್ಪಾಡು.

ಸಾಮಗ್ರಿ: ಅಲಗಿಗೆ ಮುಕ್ಕಾಲು ಅಂಗುಲ ದಪ್ಪದ, 6 ಅಂಗುಲ ಅಗಲದ, 18 ಅಂಗುಲ ಉದ್ದದ ಗಟ್ಟಿ ಮೇಪಲ್ ಹಲಗೆ, ಹಿಡಿಗೆ ಒಂದೂವರೆ ಅಂಗುಲ ಚೌಕದ, 7 ಅಡಿ ಉದ್ದದ ಆ್ಯಶ್ ಮರದ ಕೋಲು. ಎರಡಕ್ಕೂ ಸೇರಿ 34 ಡಾಲರ್. ಪೈನ್ ಮರ ಅಗ್ಗವಾದರೂ ಅದರ ರಾಳದ ವಾಸನೆ ಬಿಸಿಯಲ್ಲಿ ಹಣ್ಣಿಗೆ ಇಳಿಯುತ್ತದೆ. ಮೇಪಲ್ ಎಳೆಗಳು ಒತ್ತಾಗಿರುವುದರಿಂದ ಬಣ್ಣವನ್ನೂ ರುಚಿಯನ್ನೂ ಬಿಡುವುದಿಲ್ಲ.

ಜೋಡಣೆ: ಹಿಡಿಯ ತುದಿಯಿಂದ 3 ಅಂಗುಲ ಒಳಗೆ ಉಳಿಯಿಂದ ಆರಪಾರ ತೂತು ಕೊರೆದು, ಅಲಗಿನ ಮೇಲ್ತುದಿಯನ್ನು ಅದಕ್ಕೆ ಸರಿಯಾಗಿ ಸಣ್ಣದು ಮಾಡಿ ತೂರಿಸಿ, ಎರಡು ಮರದ ಗೂಟಗಳಿಂದ ಬಂಧಿಸಿದೆ. ಅಂಟು ಇಲ್ಲ, ಕಬ್ಬಿಣದ ಮೊಳೆಯೂ ಇಲ್ಲ. ಬಿಸಿಯ ಹಬೆಗೆ ಅಂಟು ಬಿಡುತ್ತದೆ, ಮೊಳೆ ತುಕ್ಕು ಹಿಡಿಯುತ್ತದೆ. ಗೂಟಗಳಿಗೆ ಒಣಗಿದ ಓಕ್ ಬಳಸಿದೆ. ಅವು ಹಬೆಗೆ ಉಬ್ಬಿಕೊಂಡು ಇನ್ನಷ್ಟು ಬಿಗಿಯಾದವು. ಅಲಗಿನಲ್ಲಿ ಒಂದು ಅಂಗುಲ ವ್ಯಾಸದ ಏಳು ತೂತುಗಳನ್ನು ಬೈರಿಗೆಯಿಂದ ಕೊರೆದೆ. ತೂತಿಲ್ಲದ ಅಲಗು ಮಂದವಾದ ಹಣ್ಣನ್ನು ತಳ್ಳಿಕೊಂಡು ಹೋಗುತ್ತದೆಯೇ ಹೊರತು ಕಲಕುವುದಿಲ್ಲ, ಮತ್ತು ಮಧ್ಯಾಹ್ನದ ಹೊತ್ತಿಗೆ ತೋಳು ಸೋಲುತ್ತದೆ. ಅಂಚುಗಳನ್ನೆಲ್ಲ ಅರದಿಂದ ತೀಡಿ, ಉಪ್ಪುಕಾಗದ ಹಾಕಿ ನಯ ಮಾಡಿದೆ. ಎಣ್ಣೆ ಹಚ್ಚಲಿಲ್ಲ, ಕುದಿನೀರಿನಲ್ಲಿ ಎರಡು ಬಾರಿ ಅದ್ದಿಟ್ಟು, ಎದ್ದ ಎಳೆಗಳನ್ನು ಮತ್ತೆ ತೀಡಿದ್ದು ಅಷ್ಟೇ.

ಅಲಗಿನ ಕೆಳತುದಿಯನ್ನು ನೇರವಾಗಿ ಬಿಟ್ಟಿದ್ದೆ. ಅದರ ಫಲ ಮುಂದಿನ ಹಂತದಲ್ಲಿದೆ.

3. ಸಣ್ಣ ಪ್ರಮಾಣದ ಪರೀಕ್ಷೆ — ಸೆಪ್ಟೆಂಬರ್ ಕೊನೆ

ಪರೀಕ್ಷೆಗೆ 4 ಗ್ಯಾಲನ್ ಸೈಡರ್ ಮತ್ತು ಅರ್ಧ ಬುಷೆಲ್ ಸೇಬು ತಂದೆ. ಇಲ್ಲಿ ಸೈಡರ್ ಎಂದರೆ ಸೇಬನ್ನು ಅರೆದು ಹಿಂಡಿದ, ಸೋಸದ, ಮದ್ಯವಲ್ಲದ ರಸ. ಒಂದು ಬುಷೆಲ್ ಸೇಬು ಸುಮಾರು 42 ಪೌಂಡ್ ತೂಗುತ್ತದೆ. ಸಮಯ ಉಳಿಯುತ್ತದೆಂಬ ಲೆಕ್ಕದಲ್ಲಿ ಸೈಡರನ್ನು ಮೊದಲು ಅರ್ಧಕ್ಕಿಳಿಸದೆ, ಹೋಳುಗಳನ್ನೂ ಸಕ್ಕರೆಯನ್ನೂ ಒಟ್ಟಿಗೇ ಸುರಿದು ಉರಿ ಹಾಕಿದೆ.

ಫಲಿತಾಂಶ ಸಂಪೂರ್ಣ ನಷ್ಟ. ಹೋಳುಗಳು ಒಂದು ಗಂಟೆಯಲ್ಲೇ ಕರಗಿ ಗಂಜಿಯಾದವು, ಆದರೆ ರಸದ ನೀರೆಲ್ಲ ಹಾಗೆಯೇ ಉಳಿದಿತ್ತು. ನೀರಾದ ರಸವನ್ನು ಜೋರು ಉರಿಯಲ್ಲಿ ಇಳಿಸಬಹುದು, ಹಣ್ಣು ಕರಗಿದ ಮಂದ ಪಾಕವನ್ನು ಜೋರು ಉರಿಯಲ್ಲಿ ಇಡಲಾಗದು. ಆದ್ದರಿಂದ ಉಳಿದ ನೀರನ್ನೆಲ್ಲ ಸಣ್ಣ ಉರಿಯಲ್ಲಿ ಇಳಿಸಬೇಕಾಯಿತು. ಉಳಿಸಿದೆನೆಂದುಕೊಂಡ ಸಮಯಕ್ಕಿಂತ ಹೆಚ್ಚು ಸಮಯ ಅಲ್ಲಿ ಹೋಯಿತು. ಮೊದಲೇ ಹಾಕಿದ ಸಕ್ಕರೆ ತಳಕ್ಕೆ ಇಳಿದು ಅಂಟತೊಡಗಿತು. ನೇರ ಅಂಚಿನ ಅಲಗು ಕೊಪ್ಪರಿಗೆಯ ತಳದ ನಡುಭಾಗವನ್ನು ಮಾತ್ರ ಕೆರೆಯುತ್ತಿತ್ತು. ತಳ ಮೇಲೇರಿ ಮೈಯಾಗುವ ಬಾಗಿನಲ್ಲಿ ಎರಡು ಬೆರಳಗಲದ ಪಟ್ಟಿಯೊಂದನ್ನು ಅದು ಮುಟ್ಟುತ್ತಲೇ ಇರಲಿಲ್ಲ. ಸೀದ ವಾಸನೆ ಬರುವ ಹೊತ್ತಿಗೆ ಆ ಪಟ್ಟಿಯ ಸುತ್ತಲೂ ತಳ ಹಿಡಿದಿತ್ತು. ಆಪಲ್ ಬಟರಿನಲ್ಲಿ ಸೀದ ವಾಸನೆ ಒಮ್ಮೆ ಸೇರಿದರೆ ಚಕ್ಕೆ, ಲವಂಗ ಯಾವುದೂ ಅದನ್ನು ಮುಚ್ಚುವುದಿಲ್ಲ.

ಹೇಗಿದ್ದರೂ ಎಸೆಯುವುದೇ ಆದ್ದರಿಂದ, ಕಟ್ಟಳೆಯ ಮಾತು ಎಷ್ಟು ನಿಜವೆಂದು ನೋಡಲು ಒಂದಿಷ್ಟನ್ನು ರಾತ್ರಿಯಿಡೀ ಕೊಪ್ಪರಿಗೆಯಲ್ಲೇ ಬಿಟ್ಟೆ. ಬೆಳಿಗ್ಗೆ ಪಾಕದ ಅಂಚು ತಾಮ್ರಕ್ಕೆ ತಾಗಿದ್ದ ಕಡೆಯೆಲ್ಲ ಹಸಿರು ಉಂಗುರ ಮೂಡಿತ್ತು. ಅದನ್ನು ಕೋಳಿಗೂ ಹಾಕಲಿಲ್ಲ. 33 ಡಾಲರಿನ ಸಾಮಾನು ಹೋಯಿತು, ಸುಟ್ಟ ಪಟ್ಟಿಯನ್ನು ಉಜ್ಜುವುದಕ್ಕೆ ಅರ್ಧ ದಿನವೂ ಹೋಯಿತು.

ನೆರೆಯ ಹಿರಿಯರು ಬಂದು ಅಲಗನ್ನು ಕೈಯಲ್ಲಿ ತಿರುಗಿಸಿ ನೋಡಿ, ಸಟ್ಟುಗವನ್ನು ಅಂಗಡಿಯ ಅಳತೆಗಲ್ಲ, ಕೊಪ್ಪರಿಗೆಯ ಅಳತೆಗೆ ಮಾಡಬೇಕು ಎಂದಷ್ಟೇ ಹೇಳಿದರು. ರಟ್ಟಿನ ಹಾಳೆಯನ್ನು ಕೊಪ್ಪರಿಗೆಯೊಳಗೆ ಹಿಡಿದು, ತಳದಿಂದ ಬಾಗಿನವರೆಗೆ ಪೆನ್ಸಿಲ್ ಎಳೆದು, ಆ ಗೆರೆಗೆ ಸರಿಯಾಗಿ ಅಲಗಿನ ಒಂದು ಮೂಲೆಯನ್ನು ಕತ್ತರಿಸಿ ತೀಡಿದೆ. ಈಗ ಅಲಗಿನ ಒಂದು ಮಗ್ಗುಲು ಬಾಗಿಗೆ ಕೂರುತ್ತದೆ, ಕೆಳತುದಿ ತಳಕ್ಕೆ ಕೂರುತ್ತದೆ. ಬಾಗು ಸರಿಯಾಯಿತೇ ಎಂದು ತಿಳಿಯಲು ಕೊಪ್ಪರಿಗೆಯ ಒಳಮೈಗೆ ಗೋಧಿಹಿಟ್ಟು ಸವರಿ, ಒಣ ಸಟ್ಟುಗವನ್ನು ಆಡಿಸಿ, ಹಿಟ್ಟು ಎಲ್ಲಿ ಉಳಿಯುತ್ತದೆಂದು ನೋಡಿ ಮತ್ತೆ ತೀಡಿದೆ. ಈ ಉಪಾಯ ಯಾರೂ ಹೇಳಿಕೊಟ್ಟದ್ದಲ್ಲ, ಆದರೆ ಚೆನ್ನಾಗಿ ಕೆಲಸ ಮಾಡಿತು. ತಳ ಹಿಡಿಯದಿರಲೆಂದು ಕೊಪ್ಪರಿಗೆಗೆ ತಾಮ್ರದ ನಾಣ್ಯಗಳನ್ನೋ ಪೀಚ್ ಹಣ್ಣಿನ ಓಟೆಗಳನ್ನೋ ಹಾಕುವ ಪದ್ಧತಿಯೂ ಕೆಲವೆಡೆ ಇದೆ. ಅಮೆರಿಕದ ಒಂದು ಸೆಂಟಿನ ನಾಣ್ಯ 1982ರಿಂದೀಚೆಗೆ ತಾಮ್ರದ ಲೇಪವಿರುವ ಸತುವಾದ್ದರಿಂದ ನಾನು ಆ ಗೋಜಿಗೆ ಹೋಗಲಿಲ್ಲ.

4. ಮುಕ್ಕಾಲಿ ಮತ್ತು ಕಟ್ಟಿಗೆ

ಕೊಪ್ಪರಿಗೆಯನ್ನು ಕೂರಿಸಲು ಕಬ್ಬಿಣದ ಬಳೆಗೆ ಮೂರು ಕಾಲು ಬೆಸೆದ ಮುಕ್ಕಾಲಿಯನ್ನು ನೆರೆಯವರಿಂದ ಎರವಲು ತಂದೆ. ನೆಲದಿಂದ ತಳಕ್ಕೆ 14 ಅಂಗುಲ ಎತ್ತರ. ಕಟ್ಟಿಗೆ ಒಂದು ವರ್ಷ ಒಣಗಿದ ಓಕ್ ಮತ್ತು ಹಿಕರಿ. ಹಸಿ ಕಟ್ಟಿಗೆಯ ಹೊಗೆ ತೆರೆದ ಪಾಕಕ್ಕೆ ಹಿಡಿಯುತ್ತದೆ. ಇದರಲ್ಲಿ ಹೆಚ್ಚು ಹೇಳುವಂಥದ್ದೇನೂ ಇಲ್ಲ, ಗಾಳಿ ಬೀಸುವ ಕಡೆಗೆ ಒಂದು ತಗಡನ್ನು ಅಡ್ಡ ನಿಲ್ಲಿಸಿಕೊಳ್ಳಬೇಕೆಂಬುದನ್ನು ಬಿಟ್ಟು.

5. ಹಿಂದಿನ ಸಂಜೆಯ ಹೋಳು — ಅಕ್ಟೋಬರ್ ನಡುಭಾಗ

ಸಿಪ್ಪೆ ತೆಗೆದು ಹೋಳು ಮಾಡಿದ ಸೇಬಿಗೆ ಇಲ್ಲಿ ಶ್ನಿಟ್ಸ್ ಎನ್ನುತ್ತಾರೆ, ಮತ್ತು ಕುದಿಸುವ ಹಿಂದಿನ ಸಂಜೆ ಬಂಧುಗಳೂ ನೆರೆಯವರೂ ಕೂಡಿ ಹೋಳು ಮಾಡುವ ರೂಢಿ ಹಳೆಯದು. ನಾವು ಆರು ಜನ ಕುಳಿತೆವು. ಒಂದೂವರೆ ಬುಷೆಲ್, ಅಂದರೆ ಸುಮಾರು 63 ಪೌಂಡ್ ಸೇಬಿನಿಂದ ಸಿಪ್ಪೆ, ದಿಂಡು, ಪೆಟ್ಟುಬಿದ್ದ ಭಾಗ ಎಲ್ಲ ಹೋಗಿ 48 ಪೌಂಡ್ ಹೋಳು ಬಂತು.

ಜಾತಿಗಳ ವಿಷಯದಲ್ಲಿ ನೆರೆಯವರ ಸಲಹೆ ಸ್ಪಷ್ಟವಾಗಿತ್ತು: ಒಂದೇ ಜಾತಿ ಬೇಡ, ಬೇಗ ಕರಗುವುದೂ ಹುಳಿಯಿರುವುದೂ ಬೆರೆಯಬೇಕು. ಹೆಚ್ಚು ಪಾಲು ಸ್ಟೇಮನ್, ಉಳಿದದ್ದು ಈ ಕೌಂಟಿಯಲ್ಲೇ ಹುಟ್ಟಿದ ಸ್ಮೋಕ್‌ಹೌಸ್ ಮತ್ತು ಪಕ್ಕದ ಯಾರ್ಕ್ ಊರಿನ ಯಾರ್ಕ್ ಇಂಪೀರಿಯಲ್. ಮೇಜಿಗೆ ಬಿಗಿದು ಹಿಡಿ ತಿರುಗಿಸುವ ಸಿಪ್ಪೆಯಂತ್ರವನ್ನು 28 ಡಾಲರಿಗೆ ಕೊಂಡಿದ್ದೆ. ಸ್ಟೇಮನ್ ಹಣ್ಣಿಗೆ ಅದು ಬೆಣ್ಣೆಯಂತೆ ನಡೆಯಿತು. ಯಾರ್ಕ್ ಇಂಪೀರಿಯಲ್ ಹಣ್ಣು ಹುಟ್ಟಿನಿಂದಲೇ ಓರೆ. ಯಂತ್ರದ ಸೂಜಿಗೆ ಚುಚ್ಚಿ ತಿರುಗಿಸಿದರೆ ಒಂದು ಕಡೆ ತಿರುಳನ್ನೇ ಕೆತ್ತಿ, ಇನ್ನೊಂದು ಕಡೆ ಸಿಪ್ಪೆಯನ್ನು ಹಾಗೆಯೇ ಬಿಟ್ಟಿತು. ಅವನ್ನು ಚಾಕುವಿನಲ್ಲೇ ಹೆರೆದೆವು. ಸಿಪ್ಪೆಯ ಚೂರು ಉಳಿದರೆ ಕೊನೆಯಲ್ಲಿ ಅದು ಸುರುಳಿಯಾಗಿ, ನಯವಾದ ಪಾಕದಲ್ಲಿ ನಾರಿನಂತೆ ನಾಲಿಗೆಗೆ ಸಿಗುತ್ತದೆ.

ಹೋಳುಗಳು ರಾತ್ರಿಯಲ್ಲಿ ಕಂದಾದವು. ಕೊನೆಗೆ ಕಡುಗಂದೇ ಆಗುವ ಪದಾರ್ಥಕ್ಕೆ ಅದರಿಂದ ತೊಂದರೆಯಿಲ್ಲ, ನಿಂಬೆರಸದ ಅಗತ್ಯವಿಲ್ಲ.

6. ಕುದಿಯ ದಿನ

ಬೆಳಿಗ್ಗೆ 5:30. ಕೊಪ್ಪರಿಗೆಯನ್ನು ವಿನೆಗರ್ ಮತ್ತು ಉಪ್ಪಿನಿಂದ ಮತ್ತೆ ಉಜ್ಜಿ ತೊಳೆದೆ. ಅಳತೆಕೋಲನ್ನು ಹಿಂದಿನ ದಿನವೇ ಸಿದ್ಧಪಡಿಸಿದ್ದೆ: ಕೊಪ್ಪರಿಗೆಗೆ 5 ಗ್ಯಾಲನ್ ನೀರು ಸುರಿದು ಕೋಲಿನಲ್ಲಿ ಕಚ್ಚು ಹಾಕಿ, 10 ಗ್ಯಾಲನ್ ಆದಾಗ ಇನ್ನೊಂದು ಕಚ್ಚು. ತಳ ಗುಂಡಗಿರುವುದರಿಂದ ಅರ್ಧ ಆಳ ಎಂದರೆ ಅರ್ಧ ರಸ ಅಲ್ಲ. ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ.

6:30. 10 ಗ್ಯಾಲನ್ ಸೈಡರ್ ಸುರಿದು ಉರಿ ಹಚ್ಚಿದೆವು. ಕುದಿ ಬರುತ್ತಿದ್ದಂತೆ ದಪ್ಪನೆಯ ಕಂದು ನೊರೆ ಏರಿತು. ಅದನ್ನು ಜಾಲರಿ ಸೌಟಿನಿಂದ ತೆಗೆಯುತ್ತಲೇ ಇರಬೇಕು, ಇಲ್ಲದಿದ್ದರೆ ಕಂಠದಿಂದ ಉಕ್ಕಿ ಉರಿಗೆ ಬೀಳುತ್ತದೆ. ಈ ಹಂತದಲ್ಲಿ ಮಗುಚುವ ಅಗತ್ಯವಿಲ್ಲ, ಉರಿ ಎಷ್ಟು ಜೋರಿದ್ದರೂ ನಡೆಯುತ್ತದೆ. ನಮ್ಮ ಕಡೆಯ ಆಲೆಮನೆಯಲ್ಲಿ ಕಬ್ಬಿನ ಹಾಲು ಬತ್ತುವಾಗ ನಿಂತವರಿಗೆ ಈ ಹೊತ್ತಿನ ನೊರೆ, ಹಬೆ, ಸಿಹಿವಾಸನೆ ಎಲ್ಲವೂ ಪರಿಚಿತವೆನಿಸುತ್ತವೆ.

9:15. ರಸ ಕೆಳಗಿನ ಕಚ್ಚಿಗೆ ಇಳಿಯಿತು. ಉರಿಯುವ ಕೊಳ್ಳಿಗಳನ್ನು ಹಿಂದಕ್ಕೆಳೆದು, ಕೆಂಡ ಮತ್ತು ಸಣ್ಣ ಜ್ವಾಲೆ ಮಾತ್ರ ಉಳಿಸಿದೆವು. ರಸದ ಮಟ್ಟ ಇಳಿದ ಮೇಲೆ ಜ್ವಾಲೆ ಪಕ್ಕದಿಂದ ಮೇಲೇರಬಾರದು. ಒಣಗಿದ ಮೈಗೆ ಜ್ವಾಲೆ ತಾಗಿದರೆ ಅಲ್ಲಿ ಸಿಡಿದ ಹನಿಗಳು ಕರಿಕಾಗಿ, ಆಮೇಲೆ ಕಳಚಿ ಪಾಕಕ್ಕೆ ಬೀಳುತ್ತವೆ.

9:20ರಿಂದ 11:00. ಹೋಳುಗಳನ್ನು ಮೂರು ಪಾಲಾಗಿ ಹಾಕಿದೆವು. ಒಂದು ಪಾಲು ಮೆತ್ತಗಾಗಿ ಮಟ್ಟ ಇಳಿದ ಮೇಲೆ ಮುಂದಿನದು. ಇಲ್ಲಿಂದ ಮುಂದೆ ಸಟ್ಟುಗ ಒಂದು ಕ್ಷಣವೂ ನಿಲ್ಲುವಂತಿಲ್ಲ. ಮಗುಚುವ ಕ್ರಮ ಇಲ್ಲಿ ಬಾಯಿಮಾತಿನಲ್ಲಿ ಬಂದಿದೆ: ಅಂಚಿನ ಸುತ್ತ ಎರಡು ಸುತ್ತು, ನಡುವೆ ಹಾದು ಒಂದು ಎಳೆತ. ಬಾಗು ತೀಡಿದ ಅಲಗು ಅಂಚಿನ ಸುತ್ತುಗಳಲ್ಲಿ ತಾಮ್ರವನ್ನು ಮುಟ್ಟುತ್ತಿರುವುದು ಹಿಡಿಯ ಮೂಲಕವೇ ಕೈಗೆ ತಿಳಿಯುತ್ತಿತ್ತು. ತಾಮ್ರದ ಮೇಲೆ ಮರ ನಯವಾಗಿ ಜಾರಿದರೆ ಎಲ್ಲ ಸರಿ. ಎಲ್ಲಿಯಾದರೂ ತಡೆದಂತಾದರೆ ಅಲ್ಲಿ ಅಂಟತೊಡಗಿದೆ ಎಂದು ಅರ್ಥ. ಅಂಥ ಕಡೆ ನಿಂತು ಕೆರೆದರೆ ಇನ್ನೂ ಬಿಡಿಸಬಹುದು. ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಬದಲಿಸಿದೆವು.

12:30ರ ನಂತರ. ಹೋಳು ಪೂರ್ತಿ ಕರಗಿ, ಗುಳ್ಳೆಗಳು ಒಡೆಯುವ ಸದ್ದು ಬದಲಾಯಿತು. ಪಾಕ ಸಿಡಿಯತೊಡಗಿದ್ದು ಈಗಲೇ. ಮಧ್ಯೆ ಊಟಕ್ಕೆಂದು ಸಟ್ಟುಗವನ್ನು ನೆಂಟರ ಹುಡುಗನ ಕೈಗೆ ಕೊಟ್ಟಾಗ ಅವನು ಹಿಡಿಯ ನಡುವಿಗೆ ಬಂದು ನಿಂತು ಮುಂಗೈಗೆ ಒಂದು ಗುಳ್ಳೆ ಏಳಿಸಿಕೊಂಡ. ಹಿಡಿ 7 ಅಡಿ ಇದ್ದರೆ ಆ 7 ಅಡಿಯನ್ನೂ ಬಳಸಬೇಕು, ಉದ್ದ ತೋಳಿನ ಅಂಗಿ ಹಾಕಬೇಕು, ಚಿಕ್ಕ ಮಕ್ಕಳನ್ನು ದೂರವಿಡಬೇಕು. ಮಂದವಾದ ಈ ಪಾಕ ಚರ್ಮಕ್ಕೆ ಬಿದ್ದರೆ ಜಾರದೆ ಅಂಟಿಕೊಳ್ಳುತ್ತದೆ, ಆದ್ದರಿಂದ ಬಿಸಿನೀರಿನ ಸುಟ್ಟಗಾಯಕ್ಕಿಂತ ಇದು ಕೆಟ್ಟದ್ದು.

2:00. 8 ಪೌಂಡ್ ಸಕ್ಕರೆಯನ್ನು, ಅರ್ಧ ಬಿಳಿ ಅರ್ಧ ಕಂದು, ಸ್ವಲ್ಪ ಸ್ವಲ್ಪವಾಗಿ ಉದುರಿಸಿದೆವು. ಸಕ್ಕರೆ ಹಾಕಿದ ಕೂಡಲೇ ಪಾಕ ಒಮ್ಮೆ ತೆಳ್ಳಗಾಗುತ್ತದೆ. ಕೆಟ್ಟಿತೆಂದು ಹೆದರಿ ಉರಿ ಏರಿಸಬಾರದು. ನೆರೆಯವರು ಸಿಹಿ ಹಣ್ಣಿದ್ದ ವರ್ಷ ಸಕ್ಕರೆಯನ್ನೇ ಹಾಕುವುದಿಲ್ಲ. ಇಷ್ಟು ಸಕ್ಕರೆ ನನ್ನ ನಾಲಿಗೆಗೂ ಹೆಚ್ಚಾಯಿತು, ಮುಂದಿನ ಸಲ 5 ಪೌಂಡ್ ಸಾಕು.

2:40. 3 ಚಮಚ ಚಕ್ಕೆಪುಡಿ, 1 ಚಮಚ ಲವಂಗದ ಪುಡಿ. ಇವನ್ನು ಮೊದಲೇ ಹಾಕಿದರೆ ಪರಿಮಳ ಹಬೆಯ ಜೊತೆ ಹೋಗಿ, ಲವಂಗದ ಕಹಿ ಮಾತ್ರ ಉಳಿಯುತ್ತದೆ. ನೆರೆಯವರ ಮನೆಯ ಹಳೆಯ ಕ್ರಮದಲ್ಲಿ ಸ್ಯಾಸಫ್ರಾಸ್ ಮರದ ಬೇರೂ ಇತ್ತು. ಅದರಲ್ಲಿರುವ ಸ್ಯಾಫ್ರೋಲ್ ಎಂಬ ಅಂಶವನ್ನು ಆಹಾರಕ್ಕೆ ಬೆರೆಸುವುದನ್ನು ಅಮೆರಿಕ ಸರ್ಕಾರ 1960ರಲ್ಲಿ ನಿಷೇಧಿಸಿದೆ, ಅವರೂ ಅದನ್ನು ಬಿಟ್ಟಿದ್ದಾರೆ. ಏಲಕ್ಕಿ ಹಾಕಬೇಕೆಂಬ ಆಸೆ ನನಗಿತ್ತು. ಒಂದು ಸಣ್ಣ ಬಟ್ಟಲಿನಲ್ಲಿ ಬೇರೆಯಾಗಿ ಬೆರೆಸಿ ನೋಡಿದೆ. ಸೇಬಿನ ಪರಿಮಳವನ್ನು ಅದು ನುಂಗಿಹಾಕಿತು.

3:20. ಹದದ ಪರೀಕ್ಷೆಗೆ ತಣ್ಣನೆಯ ಬಿಳಿ ತಟ್ಟೆಯ ಮೇಲೆ ಒಂದು ಚಮಚ ಪಾಕ ಹಾಕಿ ನೋಡಬೇಕು. ಗುಪ್ಪೆಯ ಸುತ್ತ ನೀರಿನ ಉಂಗುರ ಒಸರಿದರೆ ಇನ್ನೂ ಆಗಿಲ್ಲ. 3:00 ಗಂಟೆಗೆ ನೋಡಿದಾಗ ತೆಳುವಾದ ಉಂಗುರ ಇತ್ತು, 3:20ಕ್ಕೆ ಇರಲಿಲ್ಲ. ಇನ್ನೊಂದು ಕ್ರಮವೂ ಇದೆ: ಚಮಚದಲ್ಲಿ ತೆಗೆದು ಹಬೆಯಿಂದ ದೂರ ಎರಡು ನಿಮಿಷ ಹಿಡಿದಾಗ ಪಾಕ ಹರಿಯದೆ ಗುಪ್ಪೆಯಾಗಿಯೇ ನಿಂತರೆ ಹದ ಬಂದಿದೆ. ಆರಿದ ಮೇಲೆ ಇದು ಇನ್ನೂ ಮಂದವಾಗುತ್ತದೆಂಬುದನ್ನು ನೆನಪಿಟ್ಟು, ಕೊಂಚ ಮೊದಲೇ ಇಳಿಸುವುದು ಲೇಸು.

7. ಜಾಡಿ

ಕೊಪ್ಪರಿಗೆ ಬರಿದಾಗುವವರೆಗೆ ಒಬ್ಬರು ಮಗುಚುತ್ತಲೇ ಇರಬೇಕು, ಇಬ್ಬರು ತುಂಬಬೇಕು. ಪೈಂಟ್ (ಗ್ಯಾಲನ್ನಿನ ಎಂಟನೆಯ ಒಂದು ಭಾಗ) ಅಳತೆಯ ಗಾಜಿನ ಜಾಡಿಗಳನ್ನು 10 ನಿಮಿಷ ಕುದಿನೀರಿನಲ್ಲಿ ಇಟ್ಟು ಬಿಸಿಯಾಗಿಯೇ ಎತ್ತಿಕೊಂಡು, ಮೇಲೆ ಕಾಲು ಅಂಗುಲ ಜಾಗ ಬಿಟ್ಟು ತುಂಬಿ, ಹೊಸ ಮುಚ್ಚಳ ಹಾಕಿ, ಕುದಿನೀರಿನಲ್ಲಿ ಮುಳುಗಿಸಿ 5 ನಿಮಿಷ ಇಟ್ಟೆವು. ಸಮುದ್ರಮಟ್ಟದಿಂದ 1,000 ಅಡಿಯವರೆಗಿನ ಊರುಗಳಿಗೆ ಈ 5 ನಿಮಿಷ ಸಾಕು, 1,001ರಿಂದ 6,000 ಅಡಿಯವರೆಗೆ 10 ನಿಮಿಷ ಬೇಕು. ಬೆಂಗಳೂರು 3,000 ಅಡಿ ಎತ್ತರದಲ್ಲಿರುವುದರಿಂದ ಅಲ್ಲಿ ಮಾಡುವವರು ಎರಡನೆಯ ಲೆಕ್ಕವನ್ನೇ ಹಿಡಿಯಬೇಕು.

ಒಟ್ಟು 46 ಪೈಂಟ್ ಜಾಡಿ ತುಂಬಿದವು. ಅವುಗಳಲ್ಲಿ ನಾಲ್ಕರ ಮುಚ್ಚಳ ಕೆಳಗೆ ಸೆಳೆದುಕೊಂಡು ಬಿಗಿಯಾಗಲಿಲ್ಲ. ನೋಡಿದರೆ ನಾಲ್ಕರಲ್ಲೂ ಜಾಡಿಯ ಕಂಠದ ಮೇಲೆ ಪಾಕದ ಸಣ್ಣ ಕಲೆ ಇತ್ತು. ಕತ್ತಲಾಗುವ ಮುನ್ನ ಮುಗಿಸುವ ಆತುರದಲ್ಲಿ ಕಂಠ ಒರೆಸುವ ಕೆಲಸ ತಪ್ಪಿಹೋಗಿತ್ತು. ಅವು ಫ್ರಿಜ್ಜಿಗೆ ಹೋದವು, ಮೊದಲು ಖರ್ಚಾದವೂ ಅವೇ.

8. ಖರ್ಚು

ಸೈಡರ್ 60 ಡಾಲರ್, ಪೆಟ್ಟುಬಿದ್ದದ್ದೆಂದು ಅಗ್ಗಕ್ಕೆ ಕೊಟ್ಟ ಸೇಬು 27, ಸಕ್ಕರೆ ಮತ್ತು ಸಾಂಬಾರ 14, ಜಾಡಿ 60. ಸೇರಿ 161 ಡಾಲರ್, ಅಂದರೆ ಜಾಡಿಯೊಂದಕ್ಕೆ ಮೂರೂವರೆ ಡಾಲರ್. ಕೊಪ್ಪರಿಗೆಗಳ 270, ಸಟ್ಟುಗದ 34, ಸಿಪ್ಪೆಯಂತ್ರದ 28, ಪರೀಕ್ಷೆಯಲ್ಲಿ ಸೀದುಹೋದ 33 ಇವನ್ನೂ ಈ ವರ್ಷದ ಲೆಕ್ಕಕ್ಕೇ ಹಿಡಿದರೆ ಜಾಡಿಯೊಂದು ಹನ್ನೊಂದು ಡಾಲರ್ ದಾಟುತ್ತದೆ. ರಸ್ತೆಬದಿಯ ಆಮಿಶ್ ಅಂಗಡಿಯಲ್ಲಿ ಅದಕ್ಕಿಂತ ಎಷ್ಟೋ ಅಗ್ಗಕ್ಕೆ ಸಿಗುವುದರಿಂದ, ಹಣ ಉಳಿಸಲೆಂದು ಯಾರೂ ಈ ಕೆಲಸಕ್ಕೆ ಇಳಿಯಬೇಕಾಗಿಲ್ಲ.

ಇಲ್ಲಿನ ಮನೆಗಳಲ್ಲಿ ಇದನ್ನು ಬ್ರೆಡ್ಡಿನ ಮೇಲೆ ಕಾಟೇಜ್ ಚೀಸ್ ಸವರಿ, ಅದರ ಮೇಲೆ ಹಚ್ಚಿ ತಿನ್ನುತ್ತಾರೆ. ಆ ಚೀಸಿನ ಮಂದ ರುಚಿಗೂ ಇದರ ಹುಳಿಸಿಹಿಗೂ ಚೆನ್ನಾಗಿ ಹೊಂದುತ್ತದೆ. ನಮ್ಮ ಮನೆಯಲ್ಲಿ ದೋಸೆಗೆ ಹೊಂದಲಿಲ್ಲ. ತುಪ್ಪ ಸವರಿದ ಬಿಸಿ ಚಪಾತಿಗೆ ಹೊಂದಿತು.

9. ಉಳಿದ ಕೆಲಸ

ಕೊಪ್ಪರಿಗೆಯನ್ನು ಅದೇ ರಾತ್ರಿ ತೊಳೆದು, ಒರೆಸಿ, ಕೆಂಡದ ಬಿಸಿಯಲ್ಲಿ ಒಣಗಿಸಿ, ಒಣ ಕೊಟ್ಟಿಗೆಯಲ್ಲಿ ಬೋರಲು ಹಾಕಿದೆ. ಒಳಗೆ ಕಪ್ಪು ಪಟ್ಟಿ ಇರಲಿಲ್ಲ. ಬಾಗಿನಲ್ಲಿ ಒಂದು ಕಡೆ ಮಾತ್ರ ಹೆಬ್ಬೆರಳಗಲದ ಕಂದು ಕಲೆ ಉಳಿದಿತ್ತು. ಅಲಗಿನ ಆ ಮಗ್ಗುಲನ್ನು ಇನ್ನೂ ಒಂದಿಷ್ಟು ತೀಡಬೇಕಾಗಿದೆ. ಬಿಗಿ ಮಾಡಿದ ಕಿವಿಯ ಮೊಳೆ ಮತ್ತೆ ಕೊಂಚ ಅಲುಗುತ್ತಿದೆ, ಅದನ್ನು ಬದಲಿಸಲು 3/16 ಅಂಗುಲದ ತಾಮ್ರದ ಮೊಳೆಗಳನ್ನು ತರಿಸಿದ್ದೇನೆ. ಬುಷೆಲಿನಲ್ಲಿ ಉಳಿದ ಸೇಬನ್ನು ಹೋಳು ಮಾಡಿ, ಓವನ್ನಿನಲ್ಲಿ 140 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಬಾಗಿಲನ್ನು ಬೆರಳಗಲ ತೆರೆದಿಟ್ಟು ಒಣಗಲು ಇಟ್ಟಿದ್ದೇನೆ. ಲ್ಯಾಂಕಾಸ್ಟರಿನ ಆಮಿಶರು ಎರಡು ವಾರಕ್ಕೊಮ್ಮೆ ಭಾನುವಾರದ ಆರಾಧನೆಯ ನಂತರ ಬ್ರೆಡ್, ಚೀಸ್, ಉಪ್ಪಿನಕಾಯಿಗಳ ಜೊತೆಗೆ ಬಡಿಸುವ ಶ್ನಿಟ್ಸ್ ಪೈಗೆ ಇಂಥ ಒಣಹೋಳೇ ಬೇಕು. ಮೊದಲ ತಟ್ಟೆಯಲ್ಲಿ ಹೋಳುಗಳನ್ನು ಕಾಲು ಅಂಗುಲಕ್ಕಿಂತ ದಪ್ಪ ಕೊಯ್ದಿದ್ದರಿಂದ ಹೊರಗೆ ಚರ್ಮದಂತಾಗಿ ಒಳಗೆ ಹಸಿಯಾಗಿಯೇ ಉಳಿದಿವೆ; ಅವನ್ನು ಸೀಳಿ ಮತ್ತೆ ಓವನ್ನಿಗೆ ಹಾಕಿದ್ದೇನೆ.